ಇನ್ನೊಂದು ಹ್ಯಾರಿಸ್ ಶೀಲ್ಡ್

ಕ್ರಿಕೆಟ್ ಹುಚ್ಚಿರೋರಿಗೆ ಹ್ಯಾರಿಸ್ ಶೀಲ್ಡ್ ಅಂದ್ರೆ ಗೊತ್ತೇ ಇರುತ್ತೆ. 1988ರಲ್ಲಿ ಶಾಲಾ ಹುಡುಗರಾಗಿದ್ದ ತೆಂಡೂಲ್ಕರ್, ಕಾಂಬ್ಳಿ 664 ರನ್‌ಗಳ ಜೊತೆಯಾಟ ಆಡಿದ್ದು ಮುಂಬೈನ ಇದೇ ಟೂರ್ನಿಯಲ್ಲಿ. ಆ ಹೆಸರಿನ ಹಿಂದಿರೋದು ನಾಲ್ಕನೇ ಲಾರ್ಡ್ ಹ್ಯಾರಿಸ್. ಇಂಗ್ಲೆಂಡ್ ತಂಡದ ನಾಯಕನಾಗಿದ್ದವನು, ಆಮೇಲೆ 1890ರಿಂದ 1895ರವರೆಗೆ ಬಾಂಬೆ ಗವರ್ನರ್. ಈ ಮನೆತನಕ್ಕೆ ಇನ್ನೊಂದು ಶೀಲ್ಡ್ ಇದೆ, ಅಂದ್ರೆ ನಿಜವಾದ ಗುರಾಣಿ, ವಂಶಲಾಂಛನದ್ದು. ಅದರಲ್ಲಿ ನಮ್ಮ ಶ್ರೀರಂಗಪಟ್ಟಣ ಇದೆ.

ಕಳೆದ ಫೆಸ್ಟ್‌ನ ಕ್ವಿಜ್‌ನಲ್ಲಿ ನಾವು ಅದರ ಮೇಲ್ಭಾಗವನ್ನಷ್ಟೇ ಪರದೆ ಮೇಲೆ ತೋರಿಸಿದ್ವಿ: ಎದೆಗೆ ಬಾಣ ನಾಟಿರುವ ಹಸಿರು ಹುಲಿ, ತಲೆ ಮೇಲೆ ಕಿರೀಟ, ಹಣೆ ಮೇಲೆ ಪರ್ಷಿಯನ್ ಅಕ್ಷರ. ಯಾವುದೋ ಫುಟ್‌ಬಾಲ್ ಕ್ಲಬ್ಬಿನ ಲೋಗೊ ಅಂದ್ರು ಒಬ್ರು, ವಿಡಿಯೊ ಗೇಮ್ ಅಂದ್ರು ಇನ್ನೊಬ್ರು. ಸರಿಯುತ್ತರ ಯಾರೂ ಹೇಳಲಿಲ್ಲ. ಅದಕ್ಕೇ ಈ ಲೇಖನ.

ಮೊದಲು ಲಾಂಛನ ಓದೋದು ಹೇಗೆ ಅಂತ ನೋಡೋಣ. ನಿಮ್ಮ ಆದಾಯ ಪ್ರಮಾಣಪತ್ರವನ್ನೇ ತೆಗೀರಿ. ಮೇಲೆ ನಮ್ಮ ರಾಜ್ಯದ ಲಾಂಛನ ಇರುತ್ತಲ್ವಾ? ನಡುವೆ ಕೆಂಪು ಗುರಾಣಿ, ಅದರಲ್ಲಿ ಗಂಡಭೇರುಂಡ. ಆಚೀಚೆ ಸಿಂಹದ ಮೈ, ಆನೆಯ ತಲೆ ಇರೋ ಶರಭಗಳು. ಮೇಲೆ ಅಶೋಕನ ಸಿಂಹಗಳು, ಕೆಳಗೆ ಧ್ಯೇಯವಾಕ್ಯ. ಗಂಡಭೇರುಂಡ ನಮ್ಮದೇ. ಆದರೆ ಗುರಾಣಿ, ಅದನ್ನು ಹಿಡಿದ ಜೋಡಿ, ಶಿರೋಭಾಗ, ಧ್ಯೇಯವಾಕ್ಯ ಎಂಬ ಜೋಡಣೆ ಯುರೋಪಿನ ಕಟ್ಟಳೆಯದು.

ಆ ಕಟ್ಟಳೆ ಎಂಜಿನಿಯರುಗಳಿಗೆ ಹಿಡಿಸುವಂಥದ್ದು. ಲಾಂಛನದ ಅಸಲಿ ರೂಪ ಚಿತ್ರವಲ್ಲ, ಪಠ್ಯ. ಮೊದಲು ಹಿನ್ನೆಲೆಯ ಬಣ್ಣ, ಆಮೇಲೆ ಮುಖ್ಯ ಆಕೃತಿ, ಆಮೇಲೆ ಅದರ ಸುತ್ತಲಿನವು ಎಂದು ಕ್ರಮವಾಗಿ ಬರೆದಿಡುತ್ತಾರೆ. ಅದನ್ನು ಓದಿ ಯಾವ ಕಲಾವಿದ ಬರೆದರೂ ಅದೇ ಲಾಂಛನ. ಹುಲಿಯ ಮೀಸೆ ಸ್ವಲ್ಪ ಆಚೀಚೆ ಆದ್ರೆ ಪರವಾಗಿಲ್ಲ. ಒಂಥರಾ ಎಚ್‌ಟಿಎಂಎಲ್ ಬರೆದು ಬ್ರೌಸರಿಗೆ ಬಿಟ್ಟ ಹಾಗೆ. ಚಿನ್ನ, ಬೆಳ್ಳಿ 'ಲೋಹ'ಗಳು. ಕೆಂಪು, ನೀಲಿ, ಹಸಿರು, ಕಪ್ಪು ಇತ್ಯಾದಿ 'ಬಣ್ಣ'ಗಳು. ಲೋಹದ ಮೇಲೆ ಲೋಹ, ಬಣ್ಣದ ಮೇಲೆ ಬಣ್ಣ ಇಡುವಂತಿಲ್ಲ. ಯುದ್ಧಭೂಮಿಯಲ್ಲಿ ದೂರದಿಂದ ಕಾಣಬೇಕಲ್ಲ, ಅದಕ್ಕೆ. ಕಪ್ಪುಬಿಳುಪು ಅಚ್ಚಿನಲ್ಲಿ ಬಣ್ಣ ತಿಳಿಸೋಕೂ ಸಂಕೇತ ಇದೆ: ಚುಕ್ಕಿ ಇದ್ರೆ ಚಿನ್ನ, ಓರೆಗೆರೆ ಇದ್ರೆ ಹಸಿರು.

ಈಗ ಹ್ಯಾರಿಸ್ ಗುರಾಣಿಗೆ ಬರೋಣ. ಹಿನ್ನೆಲೆ ಹಸಿರು. ಅದರ ಮೇಲೆ ಮೂರು ಚಿನ್ನದ ಹೆಜ್‌ಹಾಗ್‌ಗಳು, ನಮ್ಮ ಮುಳ್ಳುಹಂದಿಗೆ ಪುಟ್ಟ ತಮ್ಮನಂತೆ ಕಾಣುವ ಪ್ರಾಣಿ. ಯಾಕೆ ಇದೇ ಪ್ರಾಣಿ? ಶ್ಲೇಷೆ ಅಷ್ಟೆ. ಫ್ರೆಂಚಿನಲ್ಲಿ ಅದಕ್ಕೆ 'ಎರಿಸೋಂ' ಅಂತಾರೆ, ಹ್ಯಾರಿಸ್‌ಗೆ ಹತ್ತಿರ. ಲಾಂಛನ ಶಾಸ್ತ್ರದಲ್ಲಿ ಇಂಥ ಪೀಜೆಗಳಿಗೆ ಪೂರ್ತಿ ಮಾನ್ಯತೆ ಇದೆ. ನಡುವೆ ಕೋಟೆಯ ತೆನೆಯಂತೆ ಅಂಚು ಕತ್ತರಿಸಿದ ಪಟ್ಟಿ, ಅದರ ಮೇಲೆ ಉರಿಯುವ ಮೂರು ಬಾಂಬುಗಳು. ಗುರಾಣಿಯ ಮೇಲಂಚಿನಲ್ಲಿ ಶ್ರೀರಂಗಪಟ್ಟಣದ ಕೋಟೆ: ಬಾಗಿಲು, ಕೆಳಗಿಳಿಸಿದ ತೂಗುಸೇತುವೆ, ಟಿಪ್ಪುವಿನ ಧ್ವಜದ ಮೇಲೆ ಹಾರುವ ಬ್ರಿಟಿಷ್ ಧ್ವಜ. ಗೆಲುವಿನ ಗುರುತಿಗೆ ಹೀಗೆ ಸೇರಿಸಿಕೊಟ್ಟ ಭಾಗವನ್ನು 'ಆಗ್ಮೆಂಟೇಶನ್' ಅಂತಾರೆ. ಗುರಾಣಿ ಹಿಡಿದಿರೋರು 73ನೇ ರೆಜಿಮೆಂಟಿನ ಗ್ರೆನೇಡಿಯರ್ ಮತ್ತು ಒಬ್ಬ ಮಲಯ ಸೈನಿಕ. ಇಬ್ಬರ ಧ್ವಜಗಂಬದಲ್ಲೂ ಟಿಪ್ಪುವಿನ ಧ್ವಜ ಕೆಳಗೆ. ಜೊತೆಗೆ ಸುತ್ತಿಕೊಂಡಿರುವ ಫ್ರೆಂಚ್ ತ್ರಿವರ್ಣ, ಟಿಪ್ಪು ಫ್ರೆಂಚರ ನೆರವು ಕೇಳಿದ್ದನಲ್ಲ, ಅದರ ಲೆಕ್ಕ.

ಇನ್ನು ಹುಲಿ. ಅದು ಟಿಪ್ಪುವಿನ ಹುಲಿ. ಹಣೆಯ ಮೇಲಿರೋದು ಹೈದರ್ ಹೆಸರನ್ನು ಸೂಚಿಸುವ ಅಕ್ಷರ. ಟಿಪ್ಪು ತನ್ನ ಆಯುಧಗಳ ಮೇಲೆ ಅಪ್ಪನ ಹೆಸರಿನ ಗುರುತು ಹಾಕಿಸುತ್ತಿದ್ದ. ಆ ಗುರುತನ್ನೂ ಬಿಡದೆ, ಕಿರೀಟ ತೊಡಿಸಿ, ಎದೆಗೆ ಬಾಣ ಹೊಡೆದು ಇಟ್ಟಿದ್ದಾರೆ. ನಮಗಂತೂ ಇಡೀ ಲಾಂಛನದಲ್ಲಿ ಕಸಿವಿಸಿ ಹುಟ್ಟಿಸಿದ್ದು ಇದೇ. ಕೋಟೆ ಗೆದ್ದೆ ಅನ್ನೋದು ಒಂದು, ಸತ್ತವನನ್ನು ತಲೆತಲಾಂತರಕ್ಕೆ ಮನೆಯ ತಟ್ಟೆ, ಬಾಗಿಲ ಮೇಲೆ ಸಾಯಿಸ್ತಾನೇ ಇರೋದು ಇನ್ನೊಂದು.

ಇದನ್ನು ಗಳಿಸಿದ ಜಾರ್ಜ್ ಹ್ಯಾರಿಸ್ ಹುಟ್ಟಾ ಶ್ರೀಮಂತನೇನಲ್ಲ. 1746ರಲ್ಲಿ ಕೆಂಟ್ ಪ್ರಾಂತ್ಯದ ಪಾದ್ರಿಯೊಬ್ಬರ ಮಗನಾಗಿ ಹುಟ್ಟಿದ. 1775ರಲ್ಲಿ ಅಮೆರಿಕದ ಬಂಕರ್ ಹಿಲ್‌ನಲ್ಲಿ ತಲೆಗೆ ಗುಂಡು ಬಿದ್ದು, ಬುರುಡೆ ಕೊರೆಸಿಕೊಂಡೂ ಬದುಕಿದ. 1798ರಲ್ಲಿ ಕೆಲವು ತಿಂಗಳು ಮದ್ರಾಸಿನ ಹಂಗಾಮಿ ಗವರ್ನರ್. 1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದಾಗ ಇಡೀ ಸೈನ್ಯದ ದಂಡನಾಯಕ. ಲೂಟಿಯ ಹಣದಲ್ಲಿ ದೊಡ್ಡ ಪಾಲು ಇವನಿಗೇ ಬಂತು. ಅದು ಹೆಚ್ಚಾಯ್ತು ಅಂತ ಕಂಪನಿಯೇ ತಕರಾರು ತೆಗೆಯಿತು, ಕೊನೆಗೆ ಗೆದ್ದವನು ಹ್ಯಾರಿಸ್. ಕೆಂಟ್‌ನಲ್ಲಿ ಬೆಲ್ಮಾಂಟ್ ಎಂಬ ಬಂಗಲೆ ಕೊಂಡ. 1815ರಲ್ಲಿ 'ಶ್ರೀರಂಗಪಟ್ಟಣ ಮತ್ತು ಮೈಸೂರಿನ ಬ್ಯಾರನ್ ಹ್ಯಾರಿಸ್' ಆದ.

ಇಲ್ಲಿಂದ ಕಥೆ ಹಲಸೂರಿಗೆ ಬರುತ್ತೆ. ಯುದ್ಧ ಮುಗಿದ ಮೇಲೆ ಮೈಸೂರನ್ನು ಏನು ಮಾಡೋದು ಅಂತ ತೀರ್ಮಾನ ಜಾರಿ ಮಾಡಲು ಐವರ ಆಯೋಗ ರಚನೆಯಾಯ್ತು. ಮೊದಲ ಹೆಸರು ಹ್ಯಾರಿಸ್‌ನದು. ಜೊತೆಗೆ ಆರ್ಥರ್ ವೆಲ್ಲೆಸ್ಲಿ, ಹೆನ್ರಿ ವೆಲ್ಲೆಸ್ಲಿ, ಕಿರ್ಕ್‌ಪ್ಯಾಟ್ರಿಕ್, ಬ್ಯಾರಿ ಕ್ಲೋಸ್. ಐದು ವರ್ಷವೂ ತುಂಬದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು 1799ರ ಜೂನ್ 30ರಂದು ಗದ್ದುಗೆಗೆ ಕೂರಿಸಿದರು. ಜುಲೈ 8ರ ಒಪ್ಪಂದದ ಪ್ರಕಾರ ಕಂಪನಿಯ ಸೈನ್ಯ ಮೈಸೂರಿನಲ್ಲೇ ಇರುತ್ತೆ, ಮೈಸೂರು ವರ್ಷಕ್ಕೆ 7 ಲಕ್ಷ ಸ್ಟಾರ್ ಪಗೋಡ, ಅಂದ್ರೆ ಅಷ್ಟು ಚಿನ್ನದ ನಾಣ್ಯ ಕೊಡಬೇಕು. ಆ ಸೈನ್ಯ ಮೊದಲು ಶ್ರೀರಂಗಪಟ್ಟಣದಲ್ಲಿತ್ತು. ಅಲ್ಲಿ ಚಳಿಜ್ವರ ತಾಳಲಾರದೆ 1809ರಲ್ಲಿ ಸೋಮೇಶ್ವರ ದೇವಸ್ಥಾನದ ಹಳೇ ಊರು ಹಲಸೂರಿನ ಪಕ್ಕಕ್ಕೆ ಬಂತು. ಹೊಸ ವಸತಿಯ ನಕ್ಷೆ ಹಾಕಿದ್ದು ಮದ್ರಾಸ್ ಎಂಜಿನಿಯರ್ಸ್‌ನ ಜಾನ್ ಬ್ಲೇಕಿಸ್ಟನ್ ಎನ್ನುತ್ತಾರೆ. ಹಳಬರು ಇವತ್ತಿಗೂ ಕಂಟೋನ್ಮೆಂಟ್‌ಗೆ 'ದಂಡು' ಅಂತಾರಲ್ಲ, ಆ ದಂಡು ಇದೇ. ಗುರಾಣಿಯಲ್ಲಿ ಕೋಟೆ, ಧ್ವಜ ಎಲ್ಲ ಇದೆ. ಮಗುವಿನ ಹೆಸರಿನಲ್ಲಿ ಆದ ಒಪ್ಪಂದ ಮಾತ್ರ ಇಲ್ಲ. ನಮ್ಮ ಪೂರ್ವ ಬೆಂಗಳೂರನ್ನು ಕಟ್ಟಿದ್ದು ಕೋಟೆ ಒಡೆದ ಬಾಂಬಿಗಿಂತ ಆ ಕಾಗದವೇ.

ಹ್ಯಾರಿಸ್‌ನ ಮೊಮ್ಮಗ, ಮೂರನೇ ಬ್ಯಾರನ್, ಹುಟ್ಟುತ್ತಲೇ ಶ್ರೀಮಂತ. ಟ್ರಿನಿಡಾಡ್‌ನಲ್ಲಿ ಗವರ್ನರಾಗಿದ್ದು, 1854ರಿಂದ 1859ರವರೆಗೆ ಮದ್ರಾಸ್ ಗವರ್ನರಾದ. ಬೆಂಗಳೂರಿನ ದಂಡಿನಲ್ಲಿದ್ದದ್ದು ಮದ್ರಾಸ್ ಸೈನ್ಯವೇ. 1856ರಲ್ಲಿ ರಾಯಪುರಂನಿಂದ ದಕ್ಷಿಣ ಭಾರತದ ಮೊದಲ ಪ್ರಯಾಣಿಕ ರೈಲು ಹೊರಟಿದ್ದು ಇವನ ಕಾಲದಲ್ಲಿ. ಟ್ರಿನಿಡಾಡ್‌ನಲ್ಲಿ ಹುಟ್ಟಿದ ಇವನ ಮಗನೇ ಮೇಲೆ ಹೇಳಿದ ಕ್ರಿಕೆಟ್ ಹ್ಯಾರಿಸ್.

ಮದ್ರಾಸಿನ ಅದೇ ರೈಲುದಾರಿ ಜೋಲಾರ್‌ಪೇಟೆಯಿಂದ ಕವಲೊಡೆದು 1864ರಲ್ಲಿ ಬೆಂಗಳೂರಿಗೆ ಬಂತು. ಬಂದು ನಿಂತಿದ್ದು ಪೇಟೆಯಲ್ಲಲ್ಲ, ದಂಡಿನಲ್ಲಿ. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ಮರಳಿಸಿದಾಗಲೂ ದಂಡನ್ನು ಬ್ರಿಟಿಷರು ತಮ್ಮಲ್ಲೇ ಇಟ್ಟುಕೊಂಡರು, 1947ರವರೆಗೆ. ಕೆ.ಆರ್. ಪುರಂನಲ್ಲಿ ಹತ್ತಿ ಕಂಟೋನ್ಮೆಂಟ್‌ನಲ್ಲಿ ಇಳಿಯೋ ನಮ್ಮ ಡೇ ಸ್ಕಾಲರ್‌ಗಳು ದಿನಾ ಓಡಾಡೋದು ಅದೇ ದಾರಿಯಲ್ಲಿ.