ಬಿಡುಗಡೆ ಟಿಪ್ಪಣಿಯ ವೇಷಭೂಷಣ

ತಂತ್ರಾಂಶವೊಂದರ ಹೊಸ ಆವೃತ್ತಿ ಹೊರಬಿದ್ದಾಗಲೆಲ್ಲ ಅದರೊಡನೆ ಒಂದು ಚಿಕ್ಕ ಬರಹವೂ ಬರುತ್ತದೆ. ಇದಕ್ಕೆ ಬಿಡುಗಡೆ ಟಿಪ್ಪಣಿ ಎಂದು ಹೆಸರು. ಹೊಸದಾಗಿ ಸೇರಿದ್ದೇನು, ತಿದ್ದಿದ ದೋಷಗಳಾವುವು, ಬಳಸುವವರು ಎಲ್ಲಿ ಎಚ್ಚರದಿಂದಿರಬೇಕು ಎಂಬ ವಿವರಗಳು ಅದರಲ್ಲಿರುತ್ತವೆ. ಓದುವವರು ಮಾತ್ರ ವಿರಳ. ಇದಕ್ಕೆ ಓದುಗರ ಸೋಮಾರಿತನವೇ ಕಾರಣವೆಂದು ಹೇಳಿ ಕೈತೊಳೆದುಕೊಳ್ಳುವುದು ನ್ಯಾಯವಲ್ಲ. ಟಿಪ್ಪಣಿಯ ರೂಪವೇ ಓದನ್ನು ತಡೆಯುವಂತಿರುವುದೂ ಉಂಟು.

ಒಂದು ಸನ್ನಿವೇಶವನ್ನು ಕಲ್ಪಿಸಿಕೊಳ್ಳೋಣ. ಸಂಡೂರಿನ ಗಣಿಗಳ ಅದಿರು, ತೋರಣಗಲ್ಲಿನ ಉಕ್ಕಿನ ಕಾರ್ಖಾನೆ ಎರಡೂ ನಮ್ಮ ಸೀಮೆಯವರಿಗೆ ಪರಿಚಿತವಾದುವು. ಇಲ್ಲಿನ ಒಂದು ವೇಬ್ರಿಡ್ಜಿನಲ್ಲಿ ಲಾರಿಗಳ ತೂಕವನ್ನು ದಾಖಲಿಸುವ ತಂತ್ರಾಂಶವಿದೆಯೆನ್ನಿ. ಮೂರನೆಯ ಆವೃತ್ತಿಯವರೆಗೆ ಗುಮಾಸ್ತರು ತೂಕವನ್ನು ಕ್ವಿಂಟಲ್‌ಗಳಲ್ಲಿ ಬರೆಯುತ್ತಿದ್ದರು. ನಾಲ್ಕನೆಯದರಲ್ಲಿ ಟನ್ನುಗಳಲ್ಲಿ ಬರೆಯಬೇಕು. ಈ ಸಂಗತಿ ಟಿಪ್ಪಣಿಯ ಹನ್ನೊಂದನೆಯ ಸಾಲಿನಲ್ಲಿ, 'ಗುಂಡಿಯ ಬಣ್ಣ ಬದಲಾಗಿದೆ' ಎಂಬ ಸುದ್ದಿಯ ಕೆಳಗೆ, ಅದೇ ಗಾತ್ರದ ಅಕ್ಷರಗಳಲ್ಲಿ ಅಡಗಿದೆ. ಗುಮಾಸ್ತರು ಅದನ್ನು ಕಾಣದೆ ವಾಡಿಕೆಯಂತೆ 250 ಎಂದು ಬರೆದರೆ, 25 ಟನ್ನಿನ ಹೊರೆ ಲೆಕ್ಕದಲ್ಲಿ 250 ಟನ್ನಾಗುತ್ತದೆ. ಟಿಪ್ಪಣಿಯಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಅದು ತನ್ನ ಕೆಲಸವನ್ನು ಮಾಡಲಿಲ್ಲ.

ಇಂತಹ ಬರಹಕ್ಕೆ ರೂಪ ಕೊಡುವ ಸಾಧನವೇ ಸಿಎಸ್‌ಎಸ್. ಇದನ್ನು ಶೈಲಿಹಾಳೆಯ ಭಾಷೆಯೆನ್ನಬಹುದು. ಎಚ್‌ಟಿಎಂಎಲ್ ಎಂಬ ಇನ್ನೊಂದು ಭಾಷೆ 'ಇದು ಶೀರ್ಷಿಕೆ, ಇದು ಪಟ್ಟಿ' ಎಂದು ಬರಹದ ಅಂಗಗಳನ್ನು ಗುರುತಿಸುತ್ತದೆ. ಆ ಅಂಗಗಳು ಹೇಗೆ ಕಾಣಬೇಕೆಂಬುದನ್ನು ಶೈಲಿಹಾಳೆ ನಿರ್ಧರಿಸುತ್ತದೆ. ಭೌತವಿಜ್ಞಾನದ ವಿದ್ಯಾರ್ಥಿಗಳು ಹೆಮ್ಮೆಪಡಬಹುದಾದ ವಿಷಯವೆಂದರೆ, ಇದರ ಮೊದಲ ಸಲಹೆ ಹುಟ್ಟಿದ್ದು ಜಿನೀವಾದ ಬಳಿಯ ಸರ್ನ್ ಎಂಬ ಕಣಭೌತ ಪ್ರಯೋಗಾಲಯದಲ್ಲಿ. 1994ರಲ್ಲಿ ಅಲ್ಲಿದ್ದ ನಾರ್ವೆಯ ಹೋಕೋನ್ ವಿಯುಮ್ ಲೀ ಅದನ್ನು ಮುಂದಿಟ್ಟರು. ಡಚ್ ಗಣಕತಜ್ಞ ಬರ್ಟ್ ಬಾಸ್ ಅವರೊಡನೆ ಸೇರಿದರು. 1996ರ ಡಿಸೆಂಬರಿನಲ್ಲಿ ಅದು ಅಧಿಕೃತ ಶಿಫಾರಸಾಗಿ ಪ್ರಕಟವಾಯಿತು.

ತಿರುಳನ್ನೂ ರೂಪವನ್ನೂ ಹೀಗೆ ಬೇರ್ಪಡಿಸುವುದರ ಬೆಲೆಯನ್ನು ಕನ್ನಡಿಗರು ಕಷ್ಟಪಟ್ಟು ಕಲಿತವರು. 1998ರಲ್ಲಿ ಶೇಷಾದ್ರಿವಾಸು ಚಂದ್ರಶೇಖರನ್ ಅವರ 'ಬರಹ' ಬಂದು ಗಣಕದಲ್ಲಿ ಕನ್ನಡ ಬರೆಯುವುದು ಸುಲಭವಾಯಿತು. ಆದರೆ ಆ ಕಾಲದ ಅನೇಕ ಕನ್ನಡ ಕಡತಗಳಲ್ಲಿ ಅಕ್ಷರದ ಅರ್ಥ ಅದರ ಫಾಂಟಿಗೇ ಅಂಟಿಕೊಂಡಿತ್ತು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ತೆರೆದರೆ ಕನ್ನಡದ ಬದಲು ಅರ್ಥವಿಲ್ಲದ ರೋಮನ್ ಅಕ್ಷರಗಳ ರಾಶಿ ಕಾಣುತ್ತಿತ್ತು. ಯೂನಿಕೋಡ್ ಬಳಕೆಗೆ ಬಂದ ಮೇಲೆ 'ಕ' ಎಂಬುದು ಯಾವ ಫಾಂಟಿನಲ್ಲಿಯೂ 'ಕ'ವೇ ಆಗಿ ಉಳಿಯಿತು. ಶೈಲಿಹಾಳೆಯೂ ಇದೇ ಜಾಣ್ಮೆಯನ್ನು ಪುಟದ ಮಟ್ಟದಲ್ಲಿ ಮಾಡುತ್ತದೆ. 'ಎಚ್ಚರಿಕೆ' ಎಂಬ ವರ್ಗವನ್ನು ಹೆಸರಿಸಿ, ಅದಕ್ಕೆ ದಪ್ಪಕ್ಷರ, ಸುತ್ತ ಚೌಕಟ್ಟು ಎಂದು ಒಂದೇ ಒಂದು ನಿಯಮ ಬರೆದಿಟ್ಟರೆ, ಆ ಹಾಳೆಯನ್ನು ಬಳಸುವ ಎಲ್ಲ ಆವೃತ್ತಿಗಳ ಟಿಪ್ಪಣಿಗಳಲ್ಲಿಯೂ ಎಚ್ಚರಿಕೆಗಳು ಒಂದೇ ಬಗೆಯಾಗಿ ಎದ್ದು ಕಾಣುವುವು.

ಇಂಗ್ಲಿಷಿಗಾಗಿ ಬರೆದ ಶೈಲಿಹಾಳೆಯನ್ನು ಕನ್ನಡದ ಟಿಪ್ಪಣಿಗೆ ಹಾಗೆಯೇ ಹಚ್ಚುವುದು ಈಗ ಎಲ್ಲೆಲ್ಲೂ ಕಾಣುವ ಪದ್ಧತಿ. ಇದು ಇನ್ನೊಬ್ಬರ ಅಳತೆಗೆ ಹೊಲಿದ ಅಂಗಿಯನ್ನು ತೊಡಿಸಿದಂತೆ. ಇಂಗ್ಲಿಷಿನಲ್ಲಿ ಶೀರ್ಷಿಕೆಗಳನ್ನು ದೊಡ್ಡಕ್ಷರಗಳಿಗೆ ಬದಲಿಸುವ ನಿಯಮವಿದೆ. ಕನ್ನಡದಲ್ಲಿ ದೊಡ್ಡಕ್ಷರ ಚಿಕ್ಕಕ್ಷರಗಳ ಭೇದವೇ ಇಲ್ಲವಾದ್ದರಿಂದ ಆ ಶೀರ್ಷಿಕೆಗೆ ಯಾವ ಒತ್ತೂ ದೊರೆಯುವುದಿಲ್ಲ. ಓರೆಯಕ್ಷರದ ರೂಪ ಫಾಂಟಿನಲ್ಲಿ ಇಲ್ಲದಿದ್ದರೆ ಯಂತ್ರವು ಅಕ್ಷರಗಳನ್ನು ಬಲವಂತವಾಗಿ ಬಾಗಿಸಿ ವಿಕಾರಗೊಳಿಸುತ್ತದೆ. ಎಲ್ಲಕ್ಕಿಂತ ಹೆಚ್ಚಿನ ತೊಂದರೆ ಸಾಲುಗಳ ನಡುವಿನ ಅಂತರದ್ದು. 'ರಾಷ್ಟ್ರ', 'ಲಕ್ಷ್ಮಿ' ಎಂಬ ಪದಗಳನ್ನು ಬರೆದು ನೋಡಿ: ಒತ್ತಕ್ಷರಗಳು ಸಾಲಿನ ಕೆಳಗೆ ಇಳಿಯುತ್ತವೆ, ಮುಂದಿನ ಸಾಲಿನ ಗುಡಿಸುಗಳು ಮೇಲೇರುತ್ತವೆ. ಸಾಲಿನ ಎತ್ತರ ಅಕ್ಷರದ ಗಾತ್ರದ 1.2 ಪಟ್ಟು ಮಾತ್ರ ಇದ್ದರೆ ಇವೆರಡೂ ಒಂದನ್ನೊಂದು ತಾಗುವ ಸಂಭವವುಂಟು. 1.6ಕ್ಕಿಂತ ಕಡಮೆ ಇರಬಾರದೆಂದು ನನ್ನ ಮತ. ಕನ್ನಡದ ಭಾಗಕ್ಕೆ ಮಾತ್ರ ಅನ್ವಯಿಸುವ ನಿಯಮವನ್ನು ಬರೆಯಲು ಸಿಎಸ್‌ಎಸ್‌ನಲ್ಲಿ ಅವಕಾಶವಿದೆ. ಪಟ್ಟಿಗಳನ್ನು ೧, ೨, ೩ ಎಂದು ನಮ್ಮ ಅಂಕೆಗಳಲ್ಲಿ ಎಣಿಸುವ 'ಕನ್ನಡ' ಎಂಬ ಕ್ರಮವೂ ಅದರಲ್ಲಿಯೇ ಇದೆ. ಇವುಗಳನ್ನು ಬಳಸುವವರು ಮಾತ್ರ ಕಡಮೆ.

ಇನ್ನು ಬಣ್ಣದ ವಿಚಾರ. ಎಚ್ಚರಿಕೆಯೆಂದೊಡನೆ ಬಿಳಿಯ ಮೇಲೆ ಅಚ್ಚಕೆಂಪು ಅಕ್ಷರ ಬರೆಯುವುದು ರೂಢಿ. ಇದು ನಿಜವಾಗಿಯೂ ಚೆನ್ನಾಗಿ ಕಾಣುವುದೇ? ಲೆಕ್ಕ ಹಾಕಿ ನೋಡೋಣ. ಪರದೆಯ ಬಿಳಿಯ ಉಜ್ವಲತೆ 1 ಎಂದಿಟ್ಟುಕೊಂಡರೆ, ಅದರಲ್ಲಿ ಹಸಿರಿನ ಪಾಲು 0.7152, ಕೆಂಪಿನದು 0.2126, ನೀಲಿಯದು 0.0722. ಎರಡು ಬಣ್ಣಗಳ ಉಜ್ವಲತೆಗೂ 0.05ನ್ನು ಕೂಡಿಸಿ, ದೊಡ್ಡದನ್ನು ಚಿಕ್ಕದರಿಂದ ಭಾಗಿಸಿದರೆ ಅವುಗಳ ವ್ಯತ್ಯಾಸದ ಪ್ರಮಾಣ ದೊರೆಯುವುದು. ಸಾಮಾನ್ಯ ಗಾತ್ರದ ಅಕ್ಷರಗಳಿಗೆ ಇದು 4.5ಕ್ಕಿಂತ ಕಡಮೆಯಿರಬಾರದೆಂದು 2008ರ ಅಂತರರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಬಿಳಿಯ ಮೇಲಿನ ಅಚ್ಚಕೆಂಪಿಗೆ 1.05ನ್ನು 0.2626ರಿಂದ ಭಾಗಿಸಿದರೆ ಬರುವುದು ಸುಮಾರು 4. ಕಣ್ಣಿಗೆ ಅಬ್ಬರವಾಗಿ ಕಾಣುವ ಬಣ್ಣ ಓದಿಗೆ ಸಾಲದು! ಕೆಂಪಿನ ಪ್ರಮಾಣವನ್ನು 255ರಿಂದ 139ಕ್ಕೆ ಇಳಿಸಿ ಕಡುಗೆಂಪು ಮಾಡಿದರೆ ಅದು ಸುಮಾರು 10ಕ್ಕೆ ಏರುತ್ತದೆ. ರೈಲ್ವೆ ನಿಲ್ದಾಣಗಳ ನಾಮಫಲಕದಲ್ಲಿ ನಾವು ಕಾಣುವ ಹಳದಿಯ ಮೇಲಿನ ಕಪ್ಪನ್ನು ಪರದೆಯ ಮೇಲೆ ತಂದರೆ ಸುಮಾರು 19.6 ಬರುವುದು.

ಆ 0.05 ಎಲ್ಲಿಂದ ಬಂದಿತೆಂದು ವಾಚಕರು ಕೇಳಬಹುದು. ಅದು ಕೋಣೆಯ ಬೆಳಕು ಪರದೆಯ ಮೇಲೆ ಬಿದ್ದು ಪ್ರತಿಫಲಿಸುವುದರ ಅಂದಾಜು. ನಮ್ಮ ಬೇಸಿಗೆಯ ಮಧ್ಯಾಹ್ನ ವೇಬ್ರಿಡ್ಜಿನ ಕಿಟಕಿ ತೆರೆದಿದ್ದರೆ ಅದು ಹತ್ತು ಪಟ್ಟು, ಎಂದರೆ 0.5 ಆಗುವುದೆನ್ನಿ. ಈ ಬೆಳಕು ಅಕ್ಷರಕ್ಕೂ ಹಿನ್ನೆಲೆಗೂ ಸಮವಾಗಿ ಸೇರುವುದರಿಂದ ಅಚ್ಚಕೆಂಪಿನ ಪ್ರಮಾಣ 4ರಿಂದ 2.1ಕ್ಕೆ ಕುಸಿಯುತ್ತದೆ. ಅಚ್ಚಗಪ್ಪಿನದು ಕೂಡ 21ರಿಂದ 3ಕ್ಕೆ ಇಳಿದುಬಿಡುವುದು.

ಕೆಂಪು ಹಸಿರುಗಳನ್ನು ಬೇರೆಬೇರೆಯಾಗಿ ಗುರುತಿಸಲಾರದ ಕಣ್ಣುಳ್ಳವರೂ ನಮ್ಮ ನಡುವೆ ಇದ್ದಾರೆ. ಆದುದರಿಂದ ಬಣ್ಣವೊಂದನ್ನೇ ನೆಚ್ಚದೆ, 'ಎಚ್ಚರಿಕೆ' ಎಂಬ ಪದವನ್ನೂ ಚೌಕಟ್ಟನ್ನೂ ಜೊತೆಗಿಡಬೇಕು. ಗುಮಾಸ್ತರು ಟಿಪ್ಪಣಿಯನ್ನು ಮುದ್ರಿಸಿ ಗೋಡೆಗೆ ಅಂಟಿಸಿಕೊಳ್ಳುವವರಾದರೆ ಇದು ಇನ್ನೂ ಮುಖ್ಯ. ಕಪ್ಪು ಮಸಿಯ ಮುದ್ರಕದಲ್ಲಿ ಕೆಂಪು ಬೂದಿಯ ಬಣ್ಣವಾಗುತ್ತದೆ. ಹಿನ್ನೆಲೆಯ ಬಣ್ಣಗಳನ್ನಂತೂ ಬ್ರೌಸರುಗಳು ಸಾಮಾನ್ಯವಾಗಿ ಮುದ್ರಿಸದೆ ಬಿಟ್ಟುಬಿಡುತ್ತವೆ. ಮುದ್ರಣಕ್ಕೆಂದೇ ಬೇರೆ ನಿಯಮಗಳನ್ನು ಶೈಲಿಹಾಳೆಯಲ್ಲಿ ಬರೆಯಬಹುದು: ಪರದೆಯ ಗುಂಡಿಗಳನ್ನು ಮರೆಮಾಡಿ, ಎಚ್ಚರಿಕೆಯ ಸುತ್ತ ದಪ್ಪನೆಯ ಕಪ್ಪು ಗೆರೆ ಎಳೆದು, ಆ ಚೌಕಟ್ಟು ಎರಡು ಪುಟಗಳಿಗೆ ಒಡೆದುಹೋಗದಂತೆ ತಡೆದರೆ, ಕ್ವಿಂಟಲ್ ಹೋಗಿ ಟನ್ ಬಂದ ಸುದ್ದಿ ಒಂದೇ ಹಾಳೆಯಲ್ಲಿ ಇಡಿಯಾಗಿ ಗೋಡೆಯನ್ನು ಸೇರುವುದು.