ತಾರಸಿ ಮೇಲೆ ಈರುಳ್ಳಿ, ನೆತ್ತಿ ಮೇಲೆ ಮೆಟಿಯೋರ್

ಅಜ್ಜಂಪುರದ ಅಂಚಿನ ಮನೆ. ಈರುಳ್ಳಿ ಕೀಳುವ ಕಾಲ. ತಾರಸಿಯ ಒಂದು ಬದಿಯಲ್ಲಿ ಗೆಡ್ಡೆಗಳು ಒಣಗುತ್ತಿವೆ. ಇನ್ನೊಂದು ಬದಿಯಲ್ಲಿ ರಟ್ಟಿನ ಪೆಟ್ಟಿಗೆಯೊಳಗೆ ಲ್ಯಾಪ್‌ಟಾಪ್ ಕೂತಿದೆ. ಬಿಸಿಲಿಗೆ ಪರದೆ ಕಾಣುವುದಿಲ್ಲ, ಅದಕ್ಕೇ ಆ ಪೆಟ್ಟಿಗೆ. ಬ್ಯಾಟರಿ ಎಂದೋ ಸತ್ತಿದೆ, ಕೆಳಗಿನ ಕೋಣೆಯಿಂದ ವೈರು ಎಳೆದಿದ್ದಾರೆ. ಒಂದು ಕೀ ಕಿತ್ತುಹೋದ ಜಾಗದಲ್ಲಿ ರಬ್ಬರಿನ ಗುಬಟು ಮಾತ್ರ ಉಳಿದಿದೆ.

ವಿಂಡೋಸ್ ಭಾರಕ್ಕೆ ಏದುಸಿರು ಬಿಡುತ್ತ ಅಟ್ಟ ಸೇರಿದ್ದ ಯಂತ್ರವಿದು. ಡಿಪ್ಲೊಮಾ ಓದುವ ಮೊಮ್ಮಗ ಪೆನ್‌ಡ್ರೈವ್‌ನಿಂದ ಲಿನಕ್ಸ್ ಮಿಂಟ್ ಹಾಕಿದ್ದಾನೆ, ಅದರಲ್ಲೂ ಹಗುರವಾದ ಎಕ್ಸ್‌ಎಫ್‌ಸಿಇ. 4 ಜಿಬಿ ರ‍್ಯಾಮ್‌ನಲ್ಲೇ ಆರಾಮಾಗಿ ಓಡುತ್ತಿದೆ. ತೊಂದರೆ ಕೊಟ್ಟದ್ದು ಉಪಗ್ರಹದ ಸಿಗ್ನಲ್ ಹಿಡಿಯಲೆಂದು ಚುಚ್ಚಿದ ಡಾಂಗಲ್. ಟಿವಿ ನೋಡಲೆಂದು ತಯಾರಾದ ಈ ಯುಎಸ್‌ಬಿ ತುಂಡನ್ನು 2012ರ ಹೊತ್ತಿಗೆ ಹವ್ಯಾಸಿಗಳು ರೇಡಿಯೊ ಮಾಡಿಕೊಂಡರು; ಸುಮಾರು 24ರಿಂದ 1,700 ಮೆಗಾಹರ್ಟ್ಸ್‌ವರೆಗೆ ಕೇಳಿಸಿಕೊಳ್ಳುತ್ತದೆ. ಆದರೆ ಲಿನಕ್ಸ್‌ಗೆ ಜಾಣತನ ಜಾಸ್ತಿ. ಚುಚ್ಚಿದ ತಕ್ಷಣ ಟಿವಿ ಬಂತೆಂದು ತಿಳಿದು ತನ್ನ ಟಿವಿ ಡ್ರೈವರ್‌ಗೆ ಒಪ್ಪಿಸಿಬಿಡುತ್ತದೆ. ಆ ಡ್ರೈವರ್‌ನ ಹೆಸರನ್ನು ಬ್ಲ್ಯಾಕ್‌ಲಿಸ್ಟ್ ಫೈಲಿನಲ್ಲಿ ಒಂದು ಸಾಲಾಗಿ ಬರೆದು, ರೀಸ್ಟಾರ್ಟ್ ಮಾಡಿದ ಮೇಲೆ ದಾರಿಗೆ ಬಂತು. ಉಪಗ್ರಹ ಯಾವಾಗ ಬರುತ್ತದೆಂದು ಹೇಳಲು ಜಿಪ್ರೆಡಿಕ್ಟ್, ಚಿತ್ರ ಬಿಡಿಸಲು ಸ್ಯಾಟ್‌ಡಂಪ್. ಎರಡಕ್ಕೂ ಕಾಸಿಲ್ಲ.

ಆಂಟೆನಾ ಅಂದರೆ ಸುಮಾರು 53 ಸೆಂಟಿಮೀಟರಿನ ಎರಡು ಅಲ್ಯೂಮಿನಿಯಂ ಸಲಾಕೆ. 120 ಡಿಗ್ರಿ ಕೋನದಲ್ಲಿ ಬಿಚ್ಚಿ, ಬಿದಿರು ಗಳಕ್ಕೆ ಅಡ್ಡಡ್ಡ ಕಟ್ಟಿದ್ದಾನೆ.

ಈ ಕೆಲಸಕ್ಕೆ ಜಾಗ ಬಲು ಮುಖ್ಯ. ಕಡೂರು ಪೇಟೆಯೊಳಗೆ ಎಲ್‌ಇಡಿ ಬಲ್ಬು, ಚಾರ್ಜರ್, ಇನ್ವರ್ಟರ್‌ಗಳ ಗದ್ದಲವೇ ಕಿವಿ ತುಂಬುತ್ತದೆ. ತೆಂಗಿನ ತೋಟಕ್ಕೆ ಹೋಗಿ ಕೂರಬೇಕು. ತರೀಕೆರೆಯಲ್ಲಿ ಬಾಬಾಬುಡನ್ ಬೆಟ್ಟಸಾಲು ದಿಗಂತಕ್ಕೆ ಅಡ್ಡ ನಿಂತಿದೆ, ಆ ಕಡೆಯ ಉಪಗ್ರಹ ಬೆಟ್ಟ ದಾಟುವವರೆಗೆ ಸದ್ದಿಲ್ಲ. ಅಮೃತ ಮಹಲ್ ಕಾವಲಿನ ಬಯಲುಸೀಮೆ ಅಜ್ಜಂಪುರಕ್ಕೆ ಆ ರಗಳೆ ಕಡಿಮೆ. ಮಳೆ ಬೆಳೆಯಲ್ಲಿ ತರೀಕೆರೆಯವರು ಗೆದ್ದಿರಬಹುದು. ಆಕಾಶದಲ್ಲಿ ನನ್ನ ಮತ ಅಜ್ಜಂಪುರಕ್ಕೇ.

ಕಾಯುವ ಹೊತ್ತಿನಲ್ಲಿ ಹುಡುಗ ಹ್ಯಾಮ್‌ಸ್ಯಾಟ್ ಕತೆ ತೆಗೆದ. 2005ರ ಮೇ 5ರಂದು ಶ್ರೀಹರಿಕೋಟಾದಿಂದ ಕಾರ್ಟೊಸ್ಯಾಟ್-1ರ ಜೊತೆ ಹಾರಿದ, ಹ್ಯಾಮ್ ರೇಡಿಯೊ ಹವ್ಯಾಸಿಗಳಿಗೆಂದೇ ಇಸ್ರೋ ಕಟ್ಟಿದ ಉಪಗ್ರಹ. ಡಚ್ ವಿದ್ಯಾರ್ಥಿಯೊಬ್ಬ ಮಾಡಿದ ಟ್ರಾನ್ಸ್‌ಪಾಂಡರ್ ಕೂಡ ಅದರಲ್ಲಿತ್ತು. 2014ರಲ್ಲಿ ಮೌನವಾಯಿತು. ಬಾಹ್ಯಾಕಾಶ ನಿಲ್ದಾಣ ಮಾತ್ರ ಈಗಲೂ 145.800 ಮೆಗಾಹರ್ಟ್ಸ್‌ನಲ್ಲಿ ಆಗಾಗ ಮಾತಾಡುತ್ತದೆ. 2025ರ ಜುಲೈನಲ್ಲಿ ಗಗನಯಾತ್ರಿ ಶುಭಾಂಶು ಶುಕ್ಲಾ ಅಲ್ಲಿಂದ ಬೆಂಗಳೂರಿನ ಯು.ಆರ್. ರಾವ್ ಉಪಗ್ರಹ ಕೇಂದ್ರದಲ್ಲಿ ಸೇರಿದ್ದ ಮಕ್ಕಳ ಜೊತೆ ಮಾತಾಡಿದ್ದು ಹ್ಯಾಮ್ ರೇಡಿಯೊದಲ್ಲೇ. ಹಳಬರಿಗೆ ಇಷ್ಟವಾಗಿದ್ದ, ಟಿಕ್‌ಟಿಕ್ ಅನ್ನುತ್ತ ಹವಾಮಾನದ ಚಿತ್ರ ಕಳಿಸುತ್ತಿದ್ದ ಅಮೆರಿಕದ ನೋವಾ ಉಪಗ್ರಹಗಳು ಅದೇ ವರ್ಷ ಆಗಸ್ಟ್ ಕಳೆಯುವುದರೊಳಗೆ ನಿವೃತ್ತವಾದವು. ಇನ್ನು ರಷ್ಯಾದ ಮೆಟಿಯೋರ್‌ಗಳೇ ಗತಿ, 137.9 ಮೆಗಾಹರ್ಟ್ಸ್‌ನಲ್ಲಿ.

"ಏನ್ಲಾ, ಟಿವಿ ಬರ್ತೈತಾ?" ಈರುಳ್ಳಿ ತಿರುವಿ ಹಾಕುತ್ತಿದ್ದ ಅಜ್ಜ ಕೇಳಿದರು.

"ಬಂತು ಅಜ್ಜ, ಸುಮ್ಕಿರು."

ಪರದೆಯ ನೀಲಿಯಲ್ಲಿ ಅಗಲವಾದ ಒಂದು ಗೂನು ಎದ್ದಿತು. ಪಕ್ಕದ ಚೌಕದಲ್ಲಿ ಚೆಲ್ಲಾಪಿಲ್ಲಿಯಾಗಿದ್ದ ಚುಕ್ಕಿಗಳು ನಿಧಾನಕ್ಕೆ ಗುಂಪುಗೂಡಿ ನಾಲ್ಕು ಮೂಲೆ ಸೇರಿದವು. ಸಿಗ್ನಲ್ ಕೈಗೆ ಸಿಕ್ಕಿತೆಂದು ಅರ್ಥ. ಫ್ಯಾನು ಕರ್ಕಶವಾಗಿ ತಿರುಗತೊಡಗಿತು. ಸಾಲಿನ ಕೆಳಗೆ ಸಾಲು ಚಿತ್ರ ಮೂಡುತ್ತ ಹೋಯಿತು: ಹಿಮಾಲಯದ ತಪ್ಪಲು, ದಖ್ಖನ್ ಬಯಲು, ಎರಡೂ ಕಡಲು, ಶ್ರೀಲಂಕಾ. ಹದಿನೈದು ನಿಮಿಷದೊಳಗೆ ಎಲ್ಲ ಮುಗಿಯಿತು.

ಒಂದೊಂದು ಚುಕ್ಕಿಗೂ ಹೆಚ್ಚುಕಡಿಮೆ ಒಂದು ಕಿಲೋಮೀಟರ್ ನೆಲ. ಮೋಡವಿಲ್ಲದ ದಿನ ಲಕ್ಕವಳ್ಳಿಯ ಭದ್ರಾ ಹಿನ್ನೀರು ಕಪ್ಪು ಮಚ್ಚೆಯಾಗಿ ಕಾಣುತ್ತದೆ. ಇವತ್ತು ಅಲ್ಲೆಲ್ಲ ಬಿಳಿ. ಘಟ್ಟದುದ್ದಕ್ಕೂ ಕವಿದ ಮೋಡ ಬೆಟ್ಟಸಾಲಿನ ಈಚೆಗೆ ಹರಿದು ಚೂರುಚೂರಾಗಿದೆ. ಹುಡುಗ ಮ್ಯಾಪಿನ ಗೆರೆ ಕೂರಿಸಿ ಊರು ತೋರಿಸಿದ.

ಅಜ್ಜ ಪೆಟ್ಟಿಗೆಯೊಳಕ್ಕೆ ತಲೆ ತೂರಿಸಿ ನೋಡಿದರು. "ಮೋಡ ತರೀಕೆರೆ ತಾವ ನಿಂತೈತಲ್ಲೋ. ಈ ಕಡೆಗೆ ಬರ್ತೈತಾ?"

"ಇದು ಈಗಿಂದು ಅಜ್ಜ. ಮುಂದಿಂದು ಹೇಳಲ್ಲ."

"ಹಂಗಾರೆ ಟಾರ್ಪಾಲು ತಗಂಬಾ," ಎಂದು ಅಜ್ಜ ಆಂಟೆನಾದ ಗಳವನ್ನೇ ಕಿತ್ತು ಗೋಡೆಗೆ ಒರಗಿಸಿ, ಈರುಳ್ಳಿ ಒಂದೆಡೆ ಗುಡ್ಡೆ ಮಾಡತೊಡಗಿದರು.