ಆಟದ ಕೆಳಗಿನ ಪುಟ್ಟ ಸಂಖ್ಯೆ

ಮಗ ನಿಮ್ಮ ಮೊಬೈಲ್ ಪಡೆದು ಹೊಸ ಗೇಮೊಂದನ್ನು ಹಾಕಿಕೊಳ್ಳುತ್ತಾನೆ. ಆಟದ ಹೆಸರಿನ ಕೆಳಗೆ ಸಣ್ಣದಾಗಿ 12+ ಅಥವಾ 16+ ಎಂದಿರುತ್ತದೆ. ನೀವು ಅದನ್ನು ಗಮನಿಸಿದ್ದೀರಾ? ಆಟ ಎಷ್ಟು ಕಷ್ಟ ಎಂದು ತಿಳಿಸುವ ಅಂಕಿ ಅದೆಂದು ನಾನು ಬಹಳ ಕಾಲ ನಂಬಿದ್ದೆ. ಚದುರಂಗದ ಆಟಕ್ಕೂ 3+ ಎಂದಿದ್ದುದನ್ನು ಕಂಡಾಗಲೇ ಸಂಶಯ ಬಂತು. ಮೂರು ವರ್ಷದ ಮಗು ಚದುರಂಗ ಆಡೀತೇ? ಆ ಸಂಖ್ಯೆಗೂ ಮಗುವಿನ ಜಾಣತನಕ್ಕೂ ಸಂಬಂಧವಿಲ್ಲ. ಹಿಂಸೆ, ರಕ್ತ, ಅಶ್ಲೀಲತೆ, ಕೆಟ್ಟ ಮಾತು, ಜೂಜು ಇವು ಆಟದಲ್ಲಿ ಎಷ್ಟಿವೆ ಎಂಬುದರ ಗುರುತು ಅದು.

ಇದು ಶುರುವಾದದ್ದು ಅಮೆರಿಕದಲ್ಲಿ. 'ಮಾರ್ಟಲ್ ಕಾಂಬ್ಯಾಟ್' ಎಂಬ ಹೊಡೆದಾಟದ ಆಟದ ರಕ್ತಪಾತ ಕಂಡು ಗಾಬರಿಗೊಂಡ ಸೆನೆಟರುಗಳು 1993ರಲ್ಲಿ ವಿಚಾರಣೆ ನಡೆಸಿದರು. ಸರ್ಕಾರ ಕಾನೂನು ತರುವ ಮೊದಲೇ ಕಂಪೆನಿಗಳು ಎಚ್ಚೆತ್ತು, 1994ರಲ್ಲಿ ಇಎಸ್‌ಆರ್‌ಬಿ ಎಂಬ ಮಂಡಳಿಯನ್ನು ತಾವೇ ಕಟ್ಟಿಕೊಂಡವು. ಕಳ್ಳನ ಕೈಗೆ ಬೀಗದ ಕೈ ಎನ್ನುತ್ತೀರಾ? ಅಷ್ಟು ಕೆಟ್ಟದಾಗೇನೂ ಆಗಲಿಲ್ಲ. ಆದರೆ ಕಂಪೆನಿ ತಾನಾಗಿ ತೋರಿಸಿದ್ದನ್ನೇ ಮಂಡಳಿ ನೋಡುವುದು. 2005ರಲ್ಲಿ 'ಗ್ರ್ಯಾಂಡ್ ಥೆಫ್ಟ್ ಆಟೋ: ಸ್ಯಾನ್ ಆಂಡ್ರಿಯಾಸ್' ಆಟದೊಳಗೆ ಅಡಗಿದ್ದ ಅಶ್ಲೀಲ ದೃಶ್ಯಗಳನ್ನು ಆಡುವವರೇ ಹೊರಗೆಳೆದರು. ಆಗ ಮಂಡಳಿ 17ರ ಗುರುತನ್ನು ತೆಗೆದು 18 ಎಂದು ಬದಲಿಸಬೇಕಾಯಿತು. ಅಷ್ಟರಲ್ಲಿ ಲಕ್ಷಾಂತರ ಮನೆಗಳಿಗೆ ಆ ಆಟ ತಲುಪಿಯಾಗಿತ್ತು.

ಅದೇ ವರ್ಷ ಕ್ಯಾಲಿಫೋರ್ನಿಯಾ ರಾಜ್ಯ, ಹಿಂಸೆಯ ಆಟಗಳನ್ನು 18 ವರ್ಷದೊಳಗಿನವರಿಗೆ ಮಾರುವವರಿಗೆ 1,000 ಡಾಲರ್‌ವರೆಗೆ ದಂಡ ಎಂದು ಕಾನೂನು ಮಾಡಿತು. 2011ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿತು. ಆಟವೂ ಪುಸ್ತಕದಂತೆ ಒಂದು ಅಭಿವ್ಯಕ್ತಿ, ಅಜ್ಜಿಕತೆಗಳಲ್ಲೂ ಕ್ರೌರ್ಯವಿದೆ ಎಂಬುದು ಬಹುಮತದ ವಾದ. ಕತೆ ಹೇಳುವ ಅಜ್ಜಿ ಮಗುವಿನ ಮುಖ ನೋಡಿ ರಾಕ್ಷಸನನ್ನು ಚಿಕ್ಕವನಾಗಿಸಬಲ್ಲಳು, ಮೊಬೈಲಿಗೆ ಅದು ಗೊತ್ತೇ? ಬ್ರಿಟನ್ ಬೇರೆ ದಾರಿ ಹಿಡಿಯಿತು. ಅಲ್ಲಿ 2012ರಿಂದ 12, 16, 18ರ ಗುರುತಿನ ಆಟಗಳನ್ನು ಅದಕ್ಕಿಂತ ಕಡಿಮೆ ವಯಸ್ಸಿನವರಿಗೆ ಮಾರುವುದು ಅಪರಾಧ.

ನಮ್ಮಲ್ಲಿ? ಸಿನಿಮಾಗಳಿಗೆ ಸೆನ್ಸಾರ್ ಮಂಡಳಿ ಇದೆ, ಆಟಗಳಿಗೆ ಅಂಥದ್ದಿಲ್ಲ. 2025ರಲ್ಲಿ ಸಂಸತ್ತು ಮಾಡಿದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸಿತು, ಅದರ ಗುರಿ ಹಣದ ಮೇಲೆ. ಪ್ಲೇ ಸ್ಟೋರಿನಲ್ಲಿ ನೀವು ನೋಡುವ ಸಂಖ್ಯೆ, ಆಟ ತಯಾರಿಸಿದವರು ಒಂದು ಪ್ರಶ್ನಾವಳಿಗೆ ಕೊಟ್ಟ ಉತ್ತರಗಳಿಂದ ಬಂದದ್ದು.

ಇನ್ನೊಂದು ವಿಷಯ. ಆಟದ ನಡುವೆ ಅಪರಿಚಿತರು ಮಗುವಿನ ಕಿವಿಗೆ ಆಡುವ ಮಾತು ಈ ಸಂಖ್ಯೆಯ ಲೆಕ್ಕಕ್ಕೆ ಸೇರುವುದಿಲ್ಲ. ಹನ್ನೆರಡರ ಗುರುತಿನ ಆಟದಲ್ಲಿ ಮೂವತ್ತರ ಗಂಡಸು ಜೊತೆಗಾರನಾಗಿರಬಹುದು. ಒಮ್ಮೆ ಹೆಡ್‌ಫೋನ್ ತೆಗೆಸಿ, ಸ್ಪೀಕರಿನಲ್ಲಿ ಆಡಲು ಹೇಳಿ, ನೀವು ಪಕ್ಕದಲ್ಲೇ ಸೊಪ್ಪು ಸೋಸುತ್ತಾ ಕುಳಿತಿರಿ.

ಪ್ಲೇ ಸ್ಟೋರಿನ ಸೆಟ್ಟಿಂಗ್ಸ್‌ನಲ್ಲಿ ಪೇರೆಂಟಲ್ ಕಂಟ್ರೋಲ್ಸ್ ಎಂಬುದಿದೆ. ಅಲ್ಲಿ ವಯಸ್ಸಿನ ಮಿತಿ ಆರಿಸಿ ನಾಲ್ಕಂಕಿಯ ಪಿನ್ ಇಡಬಹುದು. ಈಗಾಗಲೇ ಮೊಬೈಲಿನಲ್ಲಿರುವ ಆಟಗಳನ್ನು ಅದು ಅಳಿಸುವುದಿಲ್ಲ, ಅವನ್ನು ನೀವೇ ನೋಡಿ ತೆಗೆಯಬೇಕು. ಪಿನ್ ಮಾತ್ರ ಮಗನ ಹುಟ್ಟಿದ ವರ್ಷವಾಗದಿರಲಿ, ಅವನು ಮೊದಲು ಒತ್ತಿ ನೋಡುವುದು ಅದನ್ನೇ.